ಹೊಳೆಯಾಚೆಯ ಪಿಂಚಣಿ

ಪೂರಿಗಾಲಿಯ ಮರಿಸಿದ್ದಯ್ಯ ತಿಂಗಳಿಗೊಮ್ಮೆ ಪರದೇಶಕ್ಕೆ ಹೋಗಿ ಸಂಜೆ ಮುದ್ದೆಯ ಹೊತ್ತಿಗೆ ಮನೆಗೆ ಬರುತ್ತಿದ್ದ. ನಗಬೇಡಿ, ಆಗ ಅದು ಪರದೇಶವೇ. ಮಳವಳ್ಳಿ ತಾಲ್ಲೂಕು ಮೈಸೂರು ಮಹಾರಾಜರದು, ಕಾವೇರಿಯ ಆಚೆ ದಡ ಮದರಾಸು ಸರ್ಕಾರದ್ದು. ನಮ್ಮವರ ಬಾಯಲ್ಲಿ ಅದು ಇಂಗ್ಲಿಷ್ ಸೀಮೆ. ಅಲ್ಲೂ ಕನ್ನಡವೇ, ರಾಗಿಮುದ್ದೆಯೇ, ಮಾದಪ್ಪನೇ ದೇವರು. ಆದರೂ ಹರಿಗೋಲು ಇಳಿದವನ ಮುಖದಲ್ಲಿ ಒಂಚೂರು ಗತ್ತು ಬಂದೇ ಬರುತ್ತಿತ್ತು. ಮರಿಸಿದ್ದಯ್ಯನಿಗಂತೂ ಹರಿಗೋಲು ಹತ್ತುವ ಮೊದಲೇ ಬರುತ್ತಿತ್ತು.

ಹರೆಯದಲ್ಲಿ ಹೊಳೆ ದಾಟಿ ಹೋದವನು ಮೂವತ್ತು ವರ್ಷ ಆ ಸರ್ಕಾರದ ಕಾಡಿನಲ್ಲಿ ಗಾರ್ಡಾಗಿದ್ದ. ರಿಟೈರಾಗಿ ಊರಿಗೆ ಬಂದಾಗ ತಂದದ್ದು ಒಂದು ಖಾಕಿ ಕೋಟು, ಒಂದು ಸೀಟಿ, ತಿಂಗಳಿಗೆ ಎಂಟು ರೂಪಾಯಿ ಪಿಂಚಣಿ. ಜಮೀನು ಅಪ್ಪನ ಕಾಲಕ್ಕೇ ಕೈಬಿಟ್ಟಿತ್ತು. ಗಂಡುಮಕ್ಕಳಿಲ್ಲ. ಇದ್ದ ಒಬ್ಬ ಮಗಳನ್ನು ಚಿಕ್ಕರಸಿನಕೆರೆಗೆ ಕೊಟ್ಟಿದ್ದರು. ಆ ಎಂಟು ರೂಪಾಯಿ ಬರುತ್ತಿರುವ ತನಕ ಅವನೂ ಹೆಂಡತಿ ಪುಟ್ಟಮಾದಮ್ಮನೂ ತಮ್ಮ ಮನೆಯಲ್ಲಿ ತಮ್ಮ ಅನ್ನ ಉಣ್ಣಬಹುದಿತ್ತು. ನಿಂತರೆ ಅಳಿಯನ ಮನೆಯ ಜಗುಲಿಯೇ ಗತಿ. ಅಳಿಯ ಕೆಟ್ಟವನಲ್ಲ, ಆದರೆ ಮಾವನ ಸೀಟಿ ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಪಿಂಚಣಿ ಇಂಗ್ಲಿಷ್ ಸೀಮೆಯದು, ಪಿಂಚಣಿದಾರ ಮೈಸೂರು ಸೀಮೆಯವನು. ಇದರಿಂದ ಅವನಿಗೆ ಇಲ್ಲದ ಯೋಚನೆಗಳು ಹತ್ತಿಕೊಂಡವು. ಆ ಸರ್ಕಾರ ಕೊಟ್ಟದ್ದಕ್ಕೆ ಈ ಸರ್ಕಾರ ತೆರಿಗೆ ಕೇಳಿದರೆ? ಮೂರು ರಾತ್ರಿ ಹೊರಳಾಡಿ, ಕೊನೆಗೆ ಕೋಟು ಹಾಕಿಕೊಂಡು ಮಳವಳ್ಳಿಗೆ ನಡೆದು, ಕಚೇರಿಯಲ್ಲಿ ಕೈಕಟ್ಟಿ ಕೇಳಿದ. ಅಲ್ಲಿದ್ದವರು ಎಷ್ಟು ಎಂದರು. ಎಂಟು ರೂಪಾಯಿ ಎಂದ. ಅವರು ಪಕ್ಕದವರನ್ನೂ ಕರೆದು ನಕ್ಕರು. ತೆರಿಗೆ ಇಲ್ಲ ಎಂದು ಸಮಾಧಾನವಾಯಿತು. ತೆರಿಗೆಗೂ ಬಾರದ ದುಡ್ಡು ತನ್ನದು ಎಂದು ಅವಮಾನವೂ ಆಯಿತು. ಊರಲ್ಲಿ ಮಾತ್ರ, "ಮಾಫಿ ಮಾಡವ್ರೆ" ಎಂದು ಹೇಳಿಕೊಂಡು ತಿರುಗಿದ.

ಈಚೆ ದಡದಲ್ಲಿ, ಹರಿಗೋಲು ನಿಲ್ಲುವ ಕಡದ ಪಕ್ಕ, ಸುಂಕದ ಕಟ್ಟೆ ಇತ್ತು. ಗಡಿ ದಾಟುವ ಬೆಲ್ಲ, ಹೊಗೆಸೊಪ್ಪು, ಕೋಳಿ ಎಲ್ಲಕ್ಕೂ ಅಲ್ಲಿ ಸುಂಕ. ವಸೂಲಿಗೆ ಕೂತಿದ್ದವನು ಶಿವಣ್ಣ. ಮರಿಸಿದ್ದಯ್ಯ ಪ್ರತಿಸಲವೂ ಬರಿಗೈ ಬೀಸಿಕೊಂಡು ಬಂದು, ಎರಡೂ ಅಂಗೈ ಚಾಚಿ ತೋರಿಸುತ್ತಿದ್ದ.

"ನೋಡ್ಕೊ. ಏಳೊರ್ಸದಿಂದ ಈ ಕಟ್ಟೆಗೆ ಒಂದ್ ಕಾಸು ಕೊಟ್ಟೋನಲ್ಲ ನಾನು."

"ಕೊಡಂಗೆ ಏನಾರ ತತ್ತಾ ಇದ್ರೆ ತಾನೆ ಕೇಳೋದು," ಎನ್ನುತ್ತಿದ್ದ ಶಿವಣ್ಣ. "ಆಚೆಗೆ ಓಗೋರೆಲ್ಲ ನೆಂಟ್ರಿಗೆ ಅಂತ ಏನಾರ ಒತ್ಕೊಂಡೋಯ್ತಾರೆ. ನಿನ್ಗೆ ಆಚೆ ಕಡೆ ಯಾರೂ ಇಲ್ವಾ?"

ಇದನ್ನು ಕೇಳಿದರೆ ಮಾತ್ರ ಮರಿಸಿದ್ದಯ್ಯ ಕೋಟು ಕೊಡವಿಕೊಂಡು ಮುಂದೆ ನಡೆದುಬಿಡುತ್ತಿದ್ದ. ಆಚೆ ಕಡೆ ಅವನ ಒಡಹುಟ್ಟಿದ ತಮ್ಮನಿದ್ದ, ಚಿಕ್ಕಬೋರಯ್ಯ. ಅದೂ ಅಲ್ಲಿಯ ಪೇಟೆಯಲ್ಲಿ, ಪಿಂಚಣಿ ಕೊಡುವ ಖಜಾನೆಯಲ್ಲೇ ಜವಾನ. ಪಿಂಚಣಿದಾರರು ತಾವು ಬದುಕಿದ್ದೇವೆಂದು ತಿಂಗಳ ಮೂರನೇ ತಾರೀಕು ಖುದ್ದಾಗಿ ಬಂದು ತೋರಿಸಬೇಕು. ಅವರ ಹೆಸರು ಕೂಗುವುದು ಚಿಕ್ಕಬೋರಯ್ಯನ ಕೆಲಸ. "ಪೂರಿಗಾಲಿ ಮರಿಸಿದ್ದಯ್ಯ!" ಎಂದು ಅವನು ಗೋಡೆ ನೋಡಿಕೊಂಡು ಕೂಗುತ್ತಿದ್ದ. "ಹಾಜರ್!" ಎಂದು ಇವನು ಕಿಟಕಿ ನೋಡಿಕೊಂಡು ಹೇಳುತ್ತಿದ್ದ. ಏಳು ವರ್ಷದಲ್ಲಿ ಅಣ್ಣತಮ್ಮಂದಿರು ಆಡಿದ ಮಾತು ಇಷ್ಟೇ.

ಜಗಳ ಅವ್ವನ ಸಾವಿನದು. ಮರಿಸಿದ್ದಯ್ಯ ರಿಟೈರಾದ ವರ್ಷವೇ, ಹೊಳೆ ತುಂಬಿದ್ದ ದಿನಗಳಲ್ಲಿ, ಅವ್ವ ತೀರಿಕೊಂಡಳು. ಈ ನೀರಿನಲ್ಲಿ ಯಾರನ್ನು ಕಳಿಸುವುದು ಎಂದು ಇವನು ತಮ್ಮನಿಗೆ ಸುದ್ದಿ ಮುಟ್ಟಿಸದೆ ಮಣ್ಣು ಮಾಡಿಬಿಟ್ಟ. ಚಿಕ್ಕಬೋರಯ್ಯನಿಗೆ ಗೊತ್ತಾದದ್ದು ನಾಲ್ಕು ದಿನ ಕಳೆದ ಮೇಲೆ, ಅದೂ ಸಂತೆಯಲ್ಲಿ, ಯಾರೋ ಸೊಪ್ಪು ಮಾರುವವಳ ಬಾಯಿಂದ.

ಮೂವತ್ತೊಂಬತ್ತನೇ ಇಸವಿಯ ಶ್ರಾವಣ. ಮರಿಸಿದ್ದಯ್ಯ ಅಂಗಳದಲ್ಲಿ ಕೂತು ಕೋಟಿನ ಗುಂಡಿ ಉಜ್ಜುತ್ತಿದ್ದ. ಒಂದು ಕಾಗೆ ಬಂದು ಅವನ ನೆತ್ತಿಯ ಮೇಲೆ ಕೂತು, ಕೊಕ್ಕಿನಿಂದ ಒಂದು ಸಲ ಕುಟ್ಟಿ, ಹಾರಿಹೋಯಿತು. ಪುಟ್ಟಮಾದಮ್ಮ ಕೈಲಿದ್ದ ಮೊರ ಎಸೆದು ಕೂಗಿಕೊಂಡಳು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಎಂಬುದು ನಮ್ಮ ಸೀಮೆಯಲ್ಲಿ ಮಗುವಿಗೂ ಗೊತ್ತು. ಅದಕ್ಕೆ ಪರಿಹಾರವೂ ಗೊತ್ತು. ಆ ಮನುಷ್ಯ ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ, ಎದೆ ಬಡಿದುಕೊಂಡು ಅತ್ತರೆ ಕಂಟಕ ಕಳೆಯಿತು. ಮಾರನೆಯ ದಿನ ಇನ್ನೊಬ್ಬ ಹೋಗಿ ನಿಜ ಹೇಳಬೇಕು. ಸುಳ್ಳು ಹೇಳಿದವನೇ ನಿಜವನ್ನೂ ಹೇಳಿದರೆ ಫಲವಿಲ್ಲ.

"ಮಗ್ಳಿಗೆ ಏಳಿ ಕಳ್ಸಾನ," ಎಂದ ಮರಿಸಿದ್ದಯ್ಯ.

"ಬ್ಯಾಡಿ, ತುಂಬಿದ ಬಸ್ರಿ ಅವ್ಳು. ನಿಮ್ ತಮ್ಮಂಗೆ ಕಳ್ಸಿ."

"ಅವ್ನಾ? ಅವ್ನು ಅಳ್ತಾನಾ? ಉಗಾದಿ ಮಾಡ್ತಾನೆ."

"ಒಡುಟ್ಟಿದ ಕಣ್ಣೀರೇ ಆಗ್ಬೇಕು. ಸುಮ್ನಿರಿ, ನಂಗೊತ್ತು," ಎಂದಳು ಪುಟ್ಟಮಾದಮ್ಮ.

ಹೊಳೆ ಏರುತ್ತಿತ್ತು. ದೂರದ ಸೇತುವೆಯ ಮೇಲೂ ನೀರು ಹತ್ತಿತ್ತು. ಆದರೂ ನೆರೆಮನೆಯ ಹುಚ್ಚೀರಯ್ಯ ಅಂಬಿಗನನ್ನು ಒಪ್ಪಿಸಿ ದಾಟಿದ, ಸುದ್ದಿ ಹೇಳಿದ, ಅದೇ ಹರಿಗೋಲಿನಲ್ಲಿ ಸಂಜೆಯೊಳಗೆ ವಾಪಸು ಬಂದ. ಮಾರನೆಯ ದಿನ ನಿಜ ಹೇಳಲು ನಾಗಯ್ಯ ಎಂಬವನು ಕಡಕ್ಕೆ ಹೋಗುವಷ್ಟರಲ್ಲಿ ಅಂಬಿಗ ಹರಿಗೋಲನ್ನು ಮರಕ್ಕೆ ಕಟ್ಟಿ ಮನೆಗೆ ಹೋಗಿದ್ದ.

ಆಚೆ ದಡದಲ್ಲಿ ಚಿಕ್ಕಬೋರಯ್ಯ ನಿಂತಿದ್ದ. ಅಣ್ಣನ ಮಣ್ಣಿಗಾದರೂ ಹೋಗೋಣ ಎಂದು ರಾತ್ರಿಯೇ ಹೊರಟು ನಡೆದು ಬಂದಿದ್ದನಂತೆ. ದಾಟಿಸುವವರಿಲ್ಲ. ನಾಗಯ್ಯ ಈಚೆಯಿಂದ, "ಸತ್ತಿಲ್ಲ ಕಣ್ಲಾ! ಬದುಕವ್ನೆ ಕಣ್ಲಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಹೊಳೆಯ ಮೊರೆತದಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಆಚೆಯಲ್ಲಿ ಚಿಕ್ಕಬೋರಯ್ಯ ಮರಳಿನ ಮೇಲೆ ಬಿದ್ದು ಹೊರಳಿದ. ಆಮೇಲೆ ಕ್ಷೌರದವನನ್ನು ಕರೆಸಿ ದಡದಲ್ಲೇ ತಲೆ ಬೋಳಿಸಿಕೊಂಡ. ಇಡೀ ಖಜಾನೆ ಮೆಚ್ಚಿದ ಮೀಸೆಯನ್ನೂ ತೆಗೆಸಿದ. ಗಂಡುಮಕ್ಕಳಿಲ್ಲದ ಅಣ್ಣನಿಗೆ ಎಳ್ಳುನೀರು ಬಿಡುವವನು ತಾನೇ ಅಲ್ಲವೇ? ಹೊಳೆಯಲ್ಲಿ ಮುಳುಗು ಹಾಕಿ ಅದನ್ನೂ ಬಿಟ್ಟ. ನಾಗಯ್ಯ ಈ ದಡದಲ್ಲಿ ಕೂತು ಎಲ್ಲವನ್ನೂ ನೋಡಿದ. ಕಾಗೆಯ ಕಂಟಕ ಇಷ್ಟು ಚೆನ್ನಾಗಿ ಯಾರಿಗೂ ಕಳೆದಿರಲಿಕ್ಕಿಲ್ಲ.

ಚಿಕ್ಕಬೋರಯ್ಯ ನಿಯತ್ತಿನ ಜವಾನ. ಪೇಟೆಗೆ ಮರಳಿದವನೇ, ಅಣ್ಣ ಕಾಲವಾದನೆಂದು ಕಾಗದ ಬರೆದು ರುಜು ಹಾಕಿ ಗುಮಾಸ್ತರ ಕೈಗೆ ಕೊಟ್ಟ. ಅವರು ಕಡತದಲ್ಲಿ ಕೆಂಪು ಗೆರೆ ಎಳೆದರು.

ನೀರು ಇಳಿಯಲು ಎಂಟು ದಿನ ಬೇಕಾಯಿತು. ಅಷ್ಟರಲ್ಲಿ ಮೂರನೇ ತಾರೀಕೂ ಬಂತು. ನಿಜ ಹೇಳಲು ಬೇರೆಯವರೇಕೆ, ತಾನೇ ಹೋಗುತ್ತೇನಲ್ಲ ಎಂದು ಮರಿಸಿದ್ದಯ್ಯ ಕೋಟು ಹಾಕಿಕೊಂಡು, ಶಿವಣ್ಣನಿಗೆ ಬರಿಗೈ ತೋರಿಸಿ ಹೋದ. ಖಜಾನೆಯಲ್ಲಿ ಎಲ್ಲರ ಹೆಸರೂ ಬಂತು, ಅವನದು ಬರಲಿಲ್ಲ. ಕೂಗುತ್ತಿದ್ದವನ ತಲೆ ನುಣ್ಣಗಿತ್ತು. ಮರಿಸಿದ್ದಯ್ಯ ಕರೆಯದೆಯೇ "ಹಾಜರ್!" ಎಂದ.

ಚಿಕ್ಕಬೋರಯ್ಯನ ಕೈಯಿಂದ ಪಟ್ಟಿ ಬಿತ್ತು. ಅಣ್ಣನನ್ನು ಮೇಲಿಂದ ಕೆಳಗೆ ನೋಡಿದ. ಕಾಗೆಯ ಕಥೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಅವನೂ ಅದೇ ಊರಲ್ಲಿ ಹುಟ್ಟಿದವನು. ನಿಧಾನವಾಗಿ ಮೂಗಿನ ಕೆಳಗೆ ಕೈಯಾಡಿಸಿಕೊಂಡ.

ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ನೀವು ಬದುಕಿರೋದು ನನಗೆ ಕಾಣ್ತಾ ಇದೆ. ಆದರೆ ಕಡತದಲ್ಲಿ ಸತ್ತಿದ್ದೀರಿ."

ಮರಿಸಿದ್ದಯ್ಯ ಮಳವಳ್ಳಿಯಿಂದ ಕಾಗದ ತರುತ್ತೇನೆಂದ. ಅದು ಬೇರೆ ಸರ್ಕಾರದ ಕಾಗದ, ಇಲ್ಲಿ ನಡೆಯುವುದಿಲ್ಲ ಎಂದರು. ಸತ್ತನೆಂದು ಬರೆದುಕೊಟ್ಟವನೇ ಅದು ತಪ್ಪು ಎಂದು ಬರೆದುಕೊಡಬೇಕು, ಇಲ್ಲದಿದ್ದರೆ ಪಿಂಚಣಿ ನಿಂತಿತು.

"ನಾ ಬರ್ಕೊಡಲ್ಲ," ಎಂದ ಚಿಕ್ಕಬೋರಯ್ಯ. ಗೋಡೆಯನ್ನಲ್ಲ, ಅಣ್ಣನನ್ನೇ ನೋಡಿ ಹೇಳಿದ. "ಅವ್ವ ಸತ್ತಾಗ ಸುದ್ದಿ ಕಳಿಸ್ನಿಲ್ಲ ನೀನು. ಬದುಕಿರೋನು ಸತ್ತೋದೆ ಅಂತ ಸುದ್ದಿ ಕಳಿಸ್ದೆ. ಅವತ್ತೂ ಇದೇ ಒಳೆ, ಇಷ್ಟೇ ನೀರು. ಸುಳ್ಳೇಳಕ್ಕೆ ಅರಿಗೋಲು ಸಿಕ್ತು. ಅವ್ವನ ಮೊಕ ತೋರ್ಸಕ್ಕೆ ಸಿಗ್ನಿಲ್ವಾ?"

ಅವತ್ತು ಮರಿಸಿದ್ದಯ್ಯ ಅಂಬಿಗನನ್ನು ಕೇಳಿಯೇ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು, ಏಳು ವರ್ಷದಿಂದಲೂ ಗೊತ್ತಿತ್ತು. ಅಳಿಯನ ಜಗುಲಿ, ಎಂಟು ರೂಪಾಯಿ ಎಲ್ಲವೂ ಮರೆತುಹೋಯಿತು.

"ತೆಪ್ಪಾಯ್ತು ಕಣ್ಲಾ ಬೋರ," ಎಂದ. "ಕೇಳ್ಬೇಕಾಗಿತ್ತು ಅಂಬಿಗನ್ನ. ಕೇಳ್ನಿಲ್ಲ. ನೀ ಬರ್ಕೊಡ್ಬ್ಯಾಡ ಬುಡು. ಪಿಂಚಣಿ ಓಗ್ಲಿ."

ಬಾಗಿಲ ತನಕ ಹೋದ. ಹಿಂದೆ ಕಾಗದ ಸರಿದಾಡಿದ ಸದ್ದಾಯಿತು. ಚಿಕ್ಕಬೋರಯ್ಯ ನೆಲದ ಮೇಲೆ ಕೂತು, ಅಕ್ಷರ ತಿದ್ದಿ ತಿದ್ದಿ ಬರೆಯುತ್ತಿದ್ದ. ನಮ್ಮ ಅಣ್ಣ ಮರಿಸಿದ್ದಯ್ಯ ಬದುಕಿದ್ದಾನೆ ಎಂದು ಬರೆದು ಮುಗಿಸಿದ.

"ಹೇಗೆ ಗೊತ್ತಾಯಿತು ಅಂತಲೂ ಬರೀಬೇಕು," ಎಂದರು ಗುಮಾಸ್ತರು. "ಸಾಹೇಬರು ಕೇಳ್ತಾರೆ."

ಚಿಕ್ಕಬೋರಯ್ಯ ಕೆಳಗೆ ಸೇರಿಸಿದ: ನನ್ನ ಕೂಡೆ ಮಾತಾಡಿದ.

ಮುಂದಿನ ತಿಂಗಳು ಮರಿಸಿದ್ದಯ್ಯ ಕಡಕ್ಕೆ ಬಂದಾಗ ಹೆಗಲ ಮೇಲೆ ಅರ್ಧ ಮಣ ಬೆಲ್ಲವಿತ್ತು. ಶಿವಣ್ಣ ಕಟ್ಟೆಯಿಂದ ಎದ್ದು ಬಂದು, ಮೂಟೆ ಬಿಚ್ಚಿಸಿ, ಅಚ್ಚು ಮುಟ್ಟಿ ನೋಡಿ, ಆರು ಕಾಸು ಸುಂಕ ಎಂದ. ಈ ಮನುಷ್ಯನ ಹತ್ತಿರ ವಸೂಲಿ ಮಾಡುವ ದಿನ ಬಂತಲ್ಲ ಎಂದು ಅವನಿಗೆ ಹಿಗ್ಗು.

"ಮಾರಕ್ಕಾ?" ಎಂದ.

"ತಮ್ಮನ ಮನೆಗೆ ಕಣ್ಲಾ," ಎಂದು ಮರಿಸಿದ್ದಯ್ಯ ಕಾಸು ಎಣಿಸಿ ಕೊಟ್ಟು, ಹರಿಗೋಲು ಹತ್ತುವ ಮೊದಲು ರಸೀದಿ ಕೇಳಿ ಇಸಿದುಕೊಂಡ.