ನಲವತ್ತು ನಿಮಿಷದ ಊರು

ವಿಮಾನ ನಿಲ್ದಾಣದ ನೆಲ ಒರೆಸುವ ಆ ಹೆಂಗಸನ್ನು ಎಲ್ಲರೂ ಬಕೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಸಣ್ಣ ನಿಲ್ದಾಣ. ದಿನಕ್ಕೊಂದೇ ವಿಮಾನ, ಮಧ್ಯಾಹ್ನ ಹೊರಟು ಬೆಟ್ಟಸಾಲಿನ ಆಚೆಗಿನ ಊರಿಗೆ ಹೋಗಿಬರುತ್ತಿತ್ತು. ಮೇಲಿಂದ ಹೋದರೆ ಅಲ್ಲಿಗೆ ನೂರಾ ಅರವತ್ತು ಕಿಲೋಮೀಟರು, ನಲವತ್ತು ನಿಮಿಷ. ಬಸ್ಸೂ ದಿನಕ್ಕೊಂದೇ. ಅದು ಬೆಟ್ಟವನ್ನೆಲ್ಲ ಸುತ್ತಿ ಬಳಸಿ, ಬೆಳಗ್ಗೆ ಹತ್ತಿದವರನ್ನು ಕತ್ತಲಾಗುವ ಹೊತ್ತಿಗೆ ಇಳಿಸುತ್ತಿತ್ತು. ಬಕೆಟ್ ಅಕ್ಕನ ಒಬ್ಬಳೇ ತಂಗಿಯನ್ನು ಕೊಟ್ಟದ್ದು ಆ ಊರಿಗೆ.

ಒಂದು ಬೆಳಗ್ಗೆ ತಂಗಿಯ ಗಂಡ ಫೋನ್ ಮಾಡಿದ. ಡಾಕ್ಟರು ಕೈಚೆಲ್ಲಿದ್ದಾರೆ, ಮನೆಗೆ ಕರೆತಂದಿದ್ದೇವೆ, ಅಕ್ಕನನ್ನು ನೋಡಬೇಕೆಂದು ಒಂದೇ ಸಮನೆ ಹಲುಬುತ್ತಿದ್ದಾಳೆ ಎಂದ. ಆಕೆ ಬಟ್ಟೆಯ ಗಂಟು ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದಳು. ಬಸ್ಸು ಇನ್ನೂ ನಿಂತಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು ಅಲ್ಲೇ ತಡೆದಳು. ನಿಲ್ದಾಣದಲ್ಲೊಂದು ರೂಢಿಯಿತ್ತು: ಕೊನೆಗಳಿಗೆಯಲ್ಲಿ ಸೀಟು ಖಾಲಿ ಉಳಿದರೆ ಕೆಲಸದವರು ಬಿಟ್ಟಿಯಾಗಿ ಹೋಗಬಹುದು. ಇಷ್ಟು ವರ್ಷದಲ್ಲಿ ಆಕೆ ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ವಿಮಾನದಲ್ಲಾದರೆ ಊಟದ ಹೊತ್ತಿಗೇ ತಂಗಿಯ ಪಕ್ಕ ಕೂತಿರಬಹುದು.

"ಹತ್ತೋದಾ ಬಿಡೋದಾ, ಅಮ್ಮ?" ಎಂದ ಕಂಡಕ್ಟರು.

ಬಿಟ್ಟಳು.

ಸೀಟು ಸಿಕ್ಕಿತು. ವಿಮಾನದಲ್ಲೇ ಬರುತ್ತಿದ್ದೇನೆ ಎಂದು ತಂಗಿಯ ಗಂಡನಿಗೆ ಫೋನ್ ಮಾಡಿ ಹೇಳಿದಳು. ಪೆಟ್ಟಿಗೆ ಹೊರುವವನು ಏಣಿಯ ಹತ್ತಿರ ನಗಾಡಿದ. "ಬಕೆಟ್ ಬಿಟ್ಟು ಹೊರಟ್ಯಲ್ಲಕ್ಕ, ಮೋಡ ಯಾರು ಒರೆಸ್ತಾರೆ?" ಆಕೆಗೂ ನಗು ಬಂತು. ಮೋಡ ಕವಿದ ದಿನ ವಿಮಾನ ಇಳಿಯಲಾಗದೆ ಮರಳಿದ್ದನ್ನು ಕಂಡಿದ್ದಳು, ಹಾಗೆ ಮರಳಿದವರು ಬೇಸತ್ತು ಚೆಲ್ಲಿದ ಕಾಫಿಯನ್ನು ಆಕೆಯೇ ಎಷ್ಟೋ ಸಲ ಒರೆಸಿದ್ದಳು. ಬಸ್ಸಿನ ಬಾಗಿಲಲ್ಲಿ ಅದೊಂದು ನೆನಪಾಗಿರಲಿಲ್ಲ. ಈಗಲೂ ಆಗಲಿಲ್ಲ.

ಬೆಟ್ಟ ದಾಟುತ್ತಲೇ ಕಿಟಕಿಯಾಚೆ ಬರೀ ಬಿಳುಪು. ವಿಮಾನ ಒಂದು ಸುತ್ತು ಹಾಕಿತು, ಮತ್ತೊಂದು ಹಾಕಿತು. ಆಮೇಲೆ, ವಾಪಸು ಹೋಗುತ್ತಿದ್ದೇವೆ ಎಂದು ಹೇಳಿದರು. ಆಕೆ ಗಗನಸಖಿಯ ಕೈ ಹಿಡಿದುಕೊಂಡಳು.

"ನನ್ನ ತಂಗಿ ಇಲ್ಲೇ ಕೆಳಗಿದ್ದಾಳೆ ಕಣಮ್ಮ."

"ನೆಲ ಕಾಣ್ತಿಲ್ಲಮ್ಮ," ಎಂದಳು ಹುಡುಗಿ, ಮೆಲ್ಲಗೆ ಕೈ ಬಿಡಿಸಿಕೊಂಡು.

ತಾನೇ ಒರೆಸುವ ನೆಲದ ಮೇಲೆ ಮತ್ತೆ ಕಾಲಿಟ್ಟಾಗ ಫೋನ್ ಬಂತು. ತಂಗಿಯ ಗಂಡನ ದನಿಯಲ್ಲಿ ಜೀವ ಬಂದಂತಿತ್ತು.

"ವಿಮಾನದ ಸದ್ದು ಕೇಳಿಸ್ತಕ್ಕ ಅವಳಿಗೆ. ಅಕ್ಕ ಬಂದ್ಲು ಅಂತ ಮಗಳ ಕೈಲಿ ತಲೆ ಬಾಚಿಸ್ಕೊಂಡ್ಲು. ಬಾಗಿಲೇ ನೋಡ್ತಿದ್ದಾಳೆ. ಇನ್ನೆಷ್ಟೊತ್ತು ಅಂತ ಹೇಳ್ಲಿ?"

ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಇನ್ನು ನಾಳೆ ಬೆಳಗ್ಗೆಯೇ.

"ಇಳಿದಿದ್ದೀನಿ, ಬರ್ತಿದ್ದೀನಿ ಅಂತ ಹೇಳಪ್ಪ."

ಸಂಜೆಯವರೆಗೂ ಬಾಗಿಲು ನೋಡುತ್ತಲೇ ಇದ್ದು ತಂಗಿ ಹೋಗಿಬಿಟ್ಟಳು.

ಮರುದಿನ ಬಸ್ಸು ಆಕೆಯನ್ನು ಇಳಿಸುವಾಗ ಕತ್ತಲಾಗಿತ್ತು. ಅಲ್ಲಿ ಎಲ್ಲ ಮುಗಿದಿತ್ತು. ತಂಗಿಯ ಮಗಳು ಹೊಸ್ತಿಲಲ್ಲೇ ನಿಂತಿದ್ದಳು, ಒಳಗೆ ಬಾ ಎನ್ನಲಿಲ್ಲ.

"ನಿನ್ನೇನೇ ಇಳಿದಿದ್ಯಲ್ಲ, ದೊಡ್ಡಮ್ಮ," ಎಂದಳು. "ಎಲ್ಲಿಗೆ ಹೋಗಿದ್ದೆ?"