ಕುಬಸದ ದಿನದ ಅರ್ಜಿ

ಹುಲಿಗೆಮ್ಮ ಅರ್ಜಿ ಕೊಟ್ಟಿದ್ದಳು. ಕೊಟ್ಟಿಲ್ಲ ಎಂದು ನಾನು ಸುಳ್ಳು ಹೇಳಿದೆ. ಆರು ವರ್ಷ ಆ ಕಾಗದ ನನ್ನ ಹತ್ತಿರವೇ ಇತ್ತು — ಮೊದಲು ಶಾಲೆಯ ಮೇಜಿನ ಖಾನೆಯಲ್ಲಿ, ನಿವೃತ್ತಿಯಾದ ಮೇಲೆ ರಾಯಚೂರಿನ ನನ್ನ ಮನೆಯ ಟ್ರಂಕಿನಲ್ಲಿ, ಹಳೆಯ ಸೀರೆಗಳ ಅಡಿಯಲ್ಲಿ. ಹರಿದು ಹಾಕಬಹುದಿತ್ತು. ಯಾಕೆ ಹರಿಯಲಿಲ್ಲವೋ... ಅದು ನನ್ನ ಒಳ್ಳೆಯತನವಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಮಾನ್ವಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಎಲ್ಲರ ಬಾಯಲ್ಲಿ ದೊಡ್ಡಕ್ಕೋರು. ಶಿಸ್ತಿನ ಹೆಂಗಸು ಎಂದು ಹೆಸರು, ಆ ಹೆಸರನ್ನು ನಾನು ಒಡವೆಯಂತೆ ಕಾಪಾಡಿಕೊಂಡಿದ್ದೆ. ಹುದ್ದೆಗೆ ಬಂದ ವರ್ಷವೇ ತರಗತಿಗಳಲ್ಲಿದ್ದ ಶಿಕ್ಷಕರ ಕುರ್ಚಿಗಳನ್ನೆಲ್ಲ ತೆಗೆಸಿಬಿಟ್ಟೆ. ಅಕ್ಕೋರು ಕೂತು ಪಾಠ ಹೇಳಿದರೆ ಹುಡುಗರು ಮಲಗಿ ಕೇಳುತ್ತಾರೆ — ಇದು ನಾನೇ ಕಟ್ಟಿದ ಮಾತು, ಪಾಲಕರ ಸಭೆಯಲ್ಲಿ ಹೇಳಿದಾಗೆಲ್ಲ ಚಪ್ಪಾಳೆ ಬೀಳುತ್ತಿತ್ತು. ಇಡೀ ಶಾಲೆಯಲ್ಲಿ ಮೆತ್ತೆ ಇದ್ದ ಕುರ್ಚಿ ಒಂದೇ. ಅದು ನನ್ನದು.

ಹುಲಿಗೆಮ್ಮ ನಮ್ಮಲ್ಲಿ ಆರು ಮತ್ತು ಏಳನೇ ತರಗತಿಗೆ ಗಣಿತ ಹೇಳುತ್ತಿದ್ದಳು. ನೀರಮಾನ್ವಿಯವಳು. ತಂದೆತಾಯಿ ಗದ್ದೆಯಲ್ಲಿ ಕೂಲಿ ಮಾಡಿ ಓದಿಸಿದ್ದರು. ಆ ಮನೆತನದಲ್ಲಿ ಬಿ.ಎಡ್ ಮುಗಿಸಿದವಳು ಅವಳೊಬ್ಬಳೇ. ದೇವದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಬಸವರಾಜ ಅಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಶನಿವಾರ ಗಂಡನ ಮನೆಗೆ ಹೋಗಿ, ಉಳಿದ ದಿನ ತವರಿನಲ್ಲಿದ್ದು, ಬೆಳಗಿನ ಬಸ್ಸಿಗೆ ಶಾಲೆಗೆ ಬರುತ್ತಿದ್ದಳು. ಒಂದು ದಿನವೂ ತಡವಾದದ್ದಿಲ್ಲ. ಅವಳ ತರಗತಿಗಳೆರಡೂ ಎರಡನೇ ಮಹಡಿಯ ಮೇಲೆ.

ಅವಳು ಬಸುರಿಯಾಗಿ ಏಳನೇ ತಿಂಗಳು ಬಿದ್ದಾಗ ಶಾಲೆಯಲ್ಲೇ ಕುಬಸ ಮಾಡೋಣ ಎಂದು ಹೇಳಿದವಳು ನಾನು. ತವರಿನಲ್ಲಿ ಮಾಡುವ ಶಾಸ್ತ್ರ, ನಾವೂ ತವರೇ ಅಲ್ಲವೇ ಎಂದೆ. ಹಸಿರು ಸೀರೆ ನಾನು ತಂದೆ. ಒಬ್ಬೊಬ್ಬ ಅಕ್ಕೋರು ಒಂದೊಂದು ಅಡುಗೆ ಮಾಡಿಕೊಂಡು ಬಂದರು — ಹೂರಣದ ಹೋಳಿಗೆ, ಕಡಬು, ಚಿತ್ರಾನ್ನ, ಮೊಸರು ಬುತ್ತಿ. ನನ್ನ ಮೆತ್ತೆಯ ಕುರ್ಚಿಯನ್ನು ಹೊರಗೆ ತರಿಸಿ ಅವಳನ್ನು ಅದರಲ್ಲಿ ಕೂರಿಸಿದೆವು. ಹಸಿರು ಬಳೆ ಇಡಿಸಿ, ಉಡಿ ತುಂಬಿ, ಆರತಿ ಎತ್ತಿದೆವು. ಕೂತಾಗ ಅವಳು ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟಳು. ಎಲ್ಲರೂ ಸಂತೋಷಕ್ಕೆ ಎಂದುಕೊಂಡರು. ನಾನು ಎರಡು ಮಕ್ಕಳನ್ನು ಹೆತ್ತವಳು, ಅದು ಕಾಲಿಗೆ ಸಿಕ್ಕ ಆರಾಮ ಎಂದು ನನಗೆ ತಿಳಿಯಿತು. ತಿಳಿದೂ ಆರತಿ ಹಾಡಿದೆ.

ಆ ಮಧ್ಯಾಹ್ನವೇ, ಹಸಿರು ಸೀರೆಯಲ್ಲೇ, ಅವಳು ನನ್ನ ಕೋಣೆಗೆ ಬಂದಳು. ಕೈಯಲ್ಲಿ ಮಡಚಿದ ಕಾಗದ. ಕಾಲು ಬಾತಿವೆ, ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತದೆ, ಡಾಕ್ಟರು ಬಿಪಿ ನೋಡಿ ಹೆಚ್ಚು ಹೊತ್ತು ನಿಲ್ಲಬೇಡ ಎಂದಿದ್ದಾರೆ ಎಂದು ಹೇಳಿದಳು. ಅರ್ಜಿಯಲ್ಲಿ ಮೂರೇ ಕೋರಿಕೆ — ತನ್ನ ತರಗತಿಗಳನ್ನು ಕೆಳಗಿನ ಕೋಣೆಗೆ ಬದಲಿಸಬೇಕು, ಪಾಠದ ನಡುವೆ ಕೂರಲು ಒಂದು ಕುರ್ಚಿ ಕೊಡಬೇಕು, ಎಂಟನೇ ತಿಂಗಳು ಮುಗಿದ ಮೇಲೆ ಹೆರಿಗೆ ರಜೆ ಬೇಕು. ದುಂಡಗಿನ ಅಕ್ಷರ, ಒಂದು ತಪ್ಪಿಲ್ಲ.

ನಾನು ನಕ್ಕೆ. ಆಗ ಆಡಿದ ಮಾತು ಅಕ್ಷರಕ್ಕೆ ಅಕ್ಷರ ನೆನಪಿದೆ.

"ಈಗಷ್ಟ ಉಡಿ ತುಂಬೀವಿ, ಇನ್ನ ಅರ್ಜಿ ಯಾಕ ಬೇಕವ್ವಾ? ನಾವೇನು ಬ್ಯಾರೆ ಮಂದಿ ಏನು? ಇಡು, ನಾ ನೋಡ್ತೀನಿ."

ಅವಳ ಮುಖ ಅರಳಿತು. ಕಾಗದವನ್ನು ಮೇಜಿನ ಮೇಲಿಟ್ಟು, ಬಗ್ಗಲಾಗದಿದ್ದರೂ ನನ್ನ ಕಾಲು ಮುಟ್ಟಲು ಹೋದಳು, ನಾನು ತಡೆದೆ. ಅವಳು ಹೋದ ಮೇಲೆ ಅರ್ಜಿಯನ್ನು ಖಾನೆಗೆ ಹಾಕಿದೆ. ಆವಕ ಪುಸ್ತಕದಲ್ಲಿ ಬರೆಸಲಿಲ್ಲ. ಸ್ವೀಕರಿಸಿದೆ ಎಂದು ಸಹಿ ಹಾಕಲಿಲ್ಲ. ಅವಳೂ ಕೇಳಲಿಲ್ಲ — ಹೇಗೆ ಕೇಳಿಯಾಳು? ಬ್ಯಾರೆ ಮಂದಿಯಲ್ಲ ಎಂದ ಮೇಲೆ ಸಹಿ ಕೇಳಿದರೆ ಅವಳೇ ನಮ್ಮನ್ನು ಬ್ಯಾರೆ ಮಾಡಿದಂತಾಗುತ್ತಿತ್ತಲ್ಲ.

ಕಾನೂನು ನನಗೆ ಗೊತ್ತಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹೆರಿಗೆ ಸೌಲಭ್ಯದ ನಿಯಮಗಳ ಪುಸ್ತಿಕೆ ನನ್ನ ಕಪಾಟಿನಲ್ಲೇ ಇತ್ತು. ಹೆರಿಗೆ ಹತ್ತಿರವಾದವಳಿಗೆ ಮೈ ದಣಿಯುವ, ತಾಸುಗಟ್ಟಲೆ ನಿಲ್ಲುವ ಕೆಲಸ ಕೊಡಬಾರದು, ಅವಳು ಕೇಳಿಕೊಂಡರೆ — ಎಂದು ಅದರಲ್ಲಿ ಓದಿದ್ದೆ. ಕೇಳಿಕೊಂಡರೆ. ಅವಳು ಕೇಳಿಕೊಂಡ ಕಾಗದವೇ ನನ್ನ ಖಾನೆಯಲ್ಲಿತ್ತು.

ಹಾಗಾದರೆ ಯಾಕೆ ಮಾಡಲಿಲ್ಲ? ಒಂದು ಕೋಣೆ ಬದಲಿಸುವುದು, ಒಂದು ಕುರ್ಚಿ ಹಾಕಿಸುವುದು — ಅರ್ಧ ಗಂಟೆಯ ಕೆಲಸ. ಇವತ್ತು ಇವಳಿಗೆ ಕುರ್ಚಿ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂಬ ಲೆಕ್ಕ ಒಂದು. ಕುರ್ಚಿ ತೆಗೆಸಿದವಳೇ ಕುರ್ಚಿ ಹಾಕಿಸಿದಳು ಅನ್ನಿಸಿಕೊಳ್ಳುವ ನಾಚಿಕೆ ಇನ್ನೊಂದು. ಅದರ ಕೆಳಗೆ ಮತ್ತೊಂದಿದೆ, ಬರೆಯಲು ಕೈ ಬರುವುದಿಲ್ಲ. ನಾನು ಒಂಬತ್ತು ತುಂಬುವವರೆಗೂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗಿ ಪಾಠ ಮಾಡಿದವಳು. ನನಗೆ ಯಾರು ಕುರ್ಚಿ ಕೊಟ್ಟಿದ್ದರು? ಹೊಸ ಸೊಸೆಗೆ ಹಳೆಯ ಸೊಸೆಯೇ ಅತ್ತೆಯಾಗಿ ಕಾಡುವುದನ್ನು ಕಂಡು ನಗುತ್ತಿದ್ದೆ. ನಾನು ಮಾಡಿದ್ದು ಅದೇ.

ಆಮೇಲೆ ಒಂದೂವರೆ ತಿಂಗಳು ಅವಳು ದಿನಾ ಎರಡು ಮಹಡಿ ಹತ್ತಿದಳು. ನನ್ನ ಕೋಣೆಯ ಕಿಟಕಿಯಿಂದ ಮೆಟ್ಟಿಲು ಕಾಣುತ್ತಿತ್ತು. ತಿರುವಿನಲ್ಲಿ ನಿಂತು ಗೋಡೆಗೆ ಅಂಗೈ ಒತ್ತಿ ಸುಧಾರಿಸಿಕೊಳ್ಳುತ್ತಿದ್ದಳು. ಕೈಗೆ ಸೀಮೆಸುಣ್ಣ ಮೆತ್ತಿರುತ್ತಿದ್ದರಿಂದ ಅಲ್ಲಿ ಬೆರಳುಗಳ ಬಿಳಿ ಗುರುತು ಉಳಿಯುತ್ತಿತ್ತು. ಒಮ್ಮೆ ಕೇಳಿಯೂ ಕೇಳಿದಳು — ಅಕ್ಕೋರ, ಅದು ಏನಾತ್ರಿ ಎಂದು. ಪರೀಕ್ಷೆ ಮುಗಿಯಲಿ ಎಂದೆ. ಮತ್ತೆ ಕೇಳಲಿಲ್ಲ.

ಒಂದು ದಿನ ಮೂರನೇ ಅವಧಿಯಲ್ಲಿ ಏಳನೇ ತರಗತಿಯ ಹುಡುಗಿಯರು ಓಡಿ ಬಂದರು. ಹುಲಿಗೆಮ್ಮ ಅಕ್ಕೋರು ಕರಿಹಲಗೆ ಹಿಡಿದುಕೊಂಡು ಹಾಗೇ ಕೆಳಗೆ ಕೂತುಬಿಟ್ಟಿದ್ದಾರೆ, ಮಾತಾಡುತ್ತಿಲ್ಲ ಎಂದರು. ನಾಲ್ಕು ಜನ ಸೇರಿ ಅವಳನ್ನು ಮೆಟ್ಟಿಲು ಇಳಿಸಿದೆವು. ಶಾಲೆಯ ವ್ಯಾನಿನಲ್ಲಿ ರಾಯಚೂರಿನ ಆಸ್ಪತ್ರೆಗೆ ಕಳಿಸಿದೆ. ಮರುದಿನ ಹೊಟ್ಟೆ ಕೊಯ್ದು ಹೆಣ್ಣುಕೂಸು ತೆಗೆದರಂತೆ, ತಿಂಗಳು ತುಂಬದ ಕೂಸು. ಎಷ್ಟೋ ವಾರ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಬಿಪಿ ಏರಲು ನೂರು ಕಾರಣ ಇರುತ್ತವೆ, ಇದೇ ಎಂದು ಹೇಳಲಾಗದು ಎಂದು ಡಾಕ್ಟರು ಹೇಳಿದರೆಂದು ಯಾರೋ ತಂದು ಮುಟ್ಟಿಸಿದರು. ಆ ಮಾತಿನ ಹಿಂದೆ ನಾನು ವರ್ಷಗಟ್ಟಲೆ ಅವಿತು ಕೂತೆ. ನೂರರಲ್ಲಿ ಒಂದು ನನ್ನ ಮೆಟ್ಟಿಲಾಗಿದ್ದಿರಬಹುದು ಎಂಬುದನ್ನು ಮಾತ್ರ ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂಬುದೂ ಸುಳ್ಳು. ಆ ಬೇಸಿಗೆ ರಜೆಯಲ್ಲಿ ತಿರುವಿನ ಗೋಡೆಗೆ ಬಣ್ಣ ಹೊಡೆಸಿದವಳು ನಾನೇ.

ಎರಡೂವರೆ ತಿಂಗಳಾದ ಮೇಲೆ ಅವಳು ಬಸವರಾಜನ ಜೊತೆ ಶಾಲೆಗೆ ಬಂದಳು. ರಜೆಯನ್ನು ಮಂಜೂರು ಮಾಡಿ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕೇಳಲು. ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿ ನನ್ನ ಕೋಣೆಯಲ್ಲೇ ಕೂತಿದ್ದರು. ರಜೆ ಬರೆದುಕೊಡದೆ ಹೋದವರ ಜಾಗಕ್ಕೆ ಬೇರೆಯವರು ಬಂದಾಯಿತು ಎಂದು ಅವರು ಅಂದಾಗ, ಹುಲಿಗೆಮ್ಮ ತಾನು ಮೊದಲೇ ಬರೆದುಕೊಟ್ಟಿದ್ದೆ ಎಂದಳು. ಕಾರ್ಯದರ್ಶಿ ನನ್ನ ಕಡೆ ತಿರುಗಿದರು. ಅರ್ಜಿ ನನ್ನ ಮೊಣಕಾಲಿಗೆ ತಾಗುವ ಖಾನೆಯಲ್ಲಿತ್ತು. ತೆಗೆದು ಮೇಜಿನ ಮೇಲಿಟ್ಟಿದ್ದರೆ ನಾಲ್ಕು ತಿಂಗಳು ಅದನ್ನು ಯಾಕೆ ಮುಚ್ಚಿಟ್ಟೆ ಎಂಬ ಪ್ರಶ್ನೆ ನನಗೆ ಬರುತ್ತಿತ್ತು. ನಿವೃತ್ತಿಗೆ ಮೂರೇ ವರ್ಷ ಉಳಿದಿದ್ದವು.

"ಬರವಣಿಗೆದಾಗ ಏನೂ ಕೊಟ್ಟಿಲ್ಲರಿ," ಎಂದೆ.

ಬಸವರಾಜ ಹೆಂಡತಿಯತ್ತ ತಿರುಗಿದ. "ಕೊಟ್ಟೀನಿ ಅಂದಿದ್ದೆಲ್ಲ?" ಎಂದು ಕೇಳಿದ.

ಅವಳು ನನ್ನನ್ನೇ ನೋಡುತ್ತ ನಿಂತಳು. ಜಗಳ ಆಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ; ಎರಡೂ ಇಲ್ಲ. ಕೈಯಲ್ಲಿ ಇನ್ನೂ ನಾವು ಇಡಿಸಿದ ಹಸಿರು ಬಳೆಗಳಿದ್ದವು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೆನೋ ನಾನು.

ನಂತರದ ವರ್ಷಗಳ ಬಗ್ಗೆ ಹೇಳುವಂಥದ್ದೇನಿಲ್ಲ. ನಿವೃತ್ತಳಾದೆ, ಶಾಲು ಹೊದಿಸಿದರು. ತಾಯಿ ಮನಸ್ಸಿನ ದೊಡ್ಡಕ್ಕೋರು ಎಂದು ಹೊಗಳಿದರು. ಶಾಲೆಯಲ್ಲೇ ಕುಬಸ ಮಾಡಿದ್ದನ್ನು ಉದಾಹರಣೆ ಕೊಟ್ಟರು. ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು.

ಈ ವರ್ಷ ನನ್ನ ಮಗಳು ಸುಧಾ ಬಸುರಿಯಾದಳು. ರಾಯಚೂರಿನಲ್ಲೇ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ, ದಿನವಿಡೀ ನಿಂತು ರಕ್ತ ತೆಗೆಯುವುದು. ಏಳು ತುಂಬಿದಾಗ ಕೂತು ಮಾಡುವ ಕೆಲಸ ಕೊಡಿ ಎಂದು ಮಾಲೀಕರನ್ನು ಕೇಳಿ, ಖುಷಿಯಿಂದ ಮನೆಗೆ ಬಂದಳು.

"ನಮ್ಮ ಸರ್ ಭಾಳ ಒಳ್ಳೇರವ್ವಾ. ನೀ ನಮ್ಮ ಮನಿ ಮಗಳಿದ್ದಂಗ, ಬರದು ಕೊಡೂದು ಯಾಕ, ನಾ ನೋಡ್ತೀನಿ ಅಂದ್ರು."

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಬರೆದು ಕೊಡು ಎಂದೆ. ಎರಡು ಪ್ರತಿ ಮಾಡು, ಒಂದರ ಮೇಲೆ ಅವರ ಸಹಿ, ತಾರೀಖು ಹಾಕಿಸಿಕೊಂಡು ಬಾ, ಒಳ್ಳೆಯವರಾದರೆ ಸಹಿ ಹಾಕಲು ಅವರಿಗೇನು ಕಷ್ಟ ಎಂದೆ. ದನಿ ಜೋರಾಗಿತ್ತು ಅಂತ ಕಾಣುತ್ತದೆ. ಯಾಕವ್ವಾ ಅಷ್ಟು ಸಿಟ್ಟು, ನಿನಗ ಹೆಂಗ ಗೊತ್ತು ಎಂದಳು ಸುಧಾ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಟ್ರಂಕಿದ್ದ ಕೋಣೆಯ ಕಡೆ ನೋಡಿದೆ. ಅವತ್ತೇ ಅವಳಿಗೆ ಎಲ್ಲ ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ ಎದ್ದು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ದಿನ ನಾನು ದೇವದುರ್ಗದ ಬಸ್ಸು ಹತ್ತಿದೆ. ಅರ್ಜಿಯ ಜೊತೆ ಇನ್ನೊಂದು ಕಾಗದ ಬರೆದುಕೊಂಡಿದ್ದೆ — ಅವಳು ಅರ್ಜಿ ಕೊಟ್ಟದ್ದು ನಿಜ, ನಾನು ಮುಚ್ಚಿಟ್ಟದ್ದು ನಿಜ, ಯಾವ ಕಚೇರಿಯಲ್ಲಿ ಬೇಕಾದರೂ ಬಂದು ಇದನ್ನು ಹೇಳುತ್ತೇನೆ ಎಂದು.

ಮನೆ ಹುಡುಕಿದಾಗ ಮೂರು ಗಂಟೆ. ಹುಲಿಗೆಮ್ಮ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು, ಚಾಪೆಯ ಮೇಲೆ ಕೂತು. ದಪ್ಪ ಕನ್ನಡಕದ ಒಂದು ಹುಡುಗಿ ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದು ಓದುತ್ತಿತ್ತು. ಆ ಮಗು ಯಾರು ಎಂದು ಕೇಳುವುದು ಬೇಕಾಗಲಿಲ್ಲ. ಹುಲಿಗೆಮ್ಮ ನನ್ನನ್ನು ನೋಡಿ ಎದ್ದು ನಿಂತಳು. ಒಳಗೆ ಹೋದಳು. ಮನೆಯಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ತಂದು, ಸೆರಗಿನಿಂದ ಒರೆಸಿ, ನನ್ನ ಮುಂದೆ ಇಟ್ಟಳು.

"ಕುಂದರ್ರಿ ಅಕ್ಕೋರ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂತೆ. ಮಕ್ಕಳನ್ನು ಕಳಿಸಿದ ಮೇಲೆ ಎರಡೂ ಕಾಗದ ಕೊಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನನ್ನ ಕಾಗದವನ್ನು ಓದಿದಳು. ತನ್ನದನ್ನು ಮಾತ್ರ ಬಹಳ ಹೊತ್ತು ನೋಡಿದಳು.

"ಮನಿಯಾಗ ಯಾರೂ ನಂಬಲಿಲ್ಲರಿ. ಅರ್ಜಿ ಕೊಡಾಕೂ ಬ್ಯಾಸರ ಮಾಡಿದಿ, ಕೂಸಿನ ಕಣ್ಣಿಗೆ ಹಿಂಗಾತು ಅಂತ ನಮ್ಮತ್ತಿ ಇವತ್ತಿಗೂ ಅಂತಾಳ. ಕೊಟ್ಟೀನಿ, ಕೊಟ್ಟೀನಿ ಅಂತ ಹೇಳಿ ಹೇಳಿ... ಕಡೀಕ ನನಗ ಅನುಮಾನ ಬಂತು ಅಕ್ಕೋರ, ಖರೇನ ಕೊಟ್ಟಿದ್ದೆನೋ ಇಲ್ಲೋ ಅಂತ."

ಕೆಲಸ ಹೋದದ್ದು, ರಜೆ ಸಿಗದೇ ಹೋದದ್ದು, ಇವುಗಳಿಗೆಲ್ಲ ನಾನು ಮನಸ್ಸಿನಲ್ಲಿ ಕ್ಷಮೆ ಕೇಳಿಕೊಂಡು ಬಂದಿದ್ದೆ. ಇದಕ್ಕೆ ಏನು ಕೇಳುವುದು? ತಪ್ಪಾಯಿತು ಎಂದೆ. ಅವಳು ನನ್ನ ಕಾಗದದ ಮೇಲೆ ತಾರೀಖು ಇಲ್ಲ ಎಂದು ತೋರಿಸಿದಳು, ಪೆನ್ನು ಕೊಟ್ಟಳು. ಬರೆದುಕೊಟ್ಟೆ.

"ಅವರು ಆರಕ್ಕ ಬರ್ತಾರ. ನಮ್ಮತ್ತಿನೂ ಬರ್ತಾಳ," ಎಂದಳು. "ಅಲ್ಲೀಮಟ ಇರ್ರಿ. ನನಗ ಹೇಳಿದ್ದು ಅವರ ಮುಂದ ಹೇಳ್ರಿ."

ಮೂರು ತಾಸು ಆ ಕುರ್ಚಿಯಲ್ಲಿ ಕೂತಿದ್ದೆ. ಚಹಾ ಕೊಟ್ಟಳು, ಕುಡಿದೆ. ಅವಳು ಹೊಸಿಲ ಹತ್ತಿರ ಅಕ್ಕಿ ಆರಿಸುತ್ತ ಕೂತಳು. ಆರಕ್ಕೆ ಬಸವರಾಜ ಬಂದ, ಅವನ ಹಿಂದೆಯೇ ಅವನ ತಾಯಿ. ನನ್ನನ್ನು ಗುರುತು ಹಿಡಿದು ಬಾಗಿಲಲ್ಲೇ ನಿಂತ. ನಾನು ಕುರ್ಚಿ ಬಿಟ್ಟು ಎದ್ದೆ.

"ಇಕಿ ಅರ್ಜಿ ಕೊಟ್ಟಿದ್ಲಪ್ಪಾ. ನಾ ಇಸ್ಕೊಂಡು ಖಾನೆದಾಗ ಇಟ್ಟೆ. ಸುಳ್ಳು ಹೇಳಿದಾಕಿ ನಾನು, ಇಕಿ ಅಲ್ಲ."

ಮುದುಕಿ ಸೊಸೆಯ ಕಡೆ ನೋಡಿದಳು. ಬಸವರಾಜ ಅವತ್ತು ನನ್ನ ಕೋಣೆಯಲ್ಲಿ ತಿರುಗಿದ ಹಾಗೆಯೇ ಹೆಂಡತಿಯತ್ತ ತಿರುಗಿದ. ಹುಲಿಗೆಮ್ಮ ಅವನನ್ನು ನೋಡಲಿಲ್ಲ. ಎರಡೂ ಕಾಗದಗಳನ್ನು ತೆಗೆದುಕೊಂಡು ಹೋಗಿ, ತನ್ನ ಬಿ.ಎಡ್ ಪ್ರಮಾಣಪತ್ರ ಇದ್ದ ಫೈಲಿನಲ್ಲಿ ಇಟ್ಟು, ದಾರ ಕಟ್ಟಿದಳು.

ನಾನು ನಿಂತೇ ಇದ್ದೆ. ಕುರ್ಚಿ ಹಿಂದೆಯೇ ಇತ್ತು. ಕುಂದರ್ರಿ ಎಂದು ಈಗ ಯಾರೂ ಅನ್ನಲಿಲ್ಲ.