ಎತ್ತಿಗೋ, ಮೂಟೆಗೋ?

"ಸಮುದ್ರ ನೋಡಿದ್ದೀಯಾ?" ಎಂದು ಹಡಗಿನ ಸಾಹೇಬರು ಕೇಳಿದಾಗ ನನ್ನ ಭಾವಮೈದ ಸಿದ್ದಪ್ಪ ತಿರುಗಿ ನನ್ನ ಮುಖ ನೋಡಿದ. ಗುಂಡ್ಲುಪೇಟೆ ಬಂಗಲೆಯ ಬಾಗಿಲಲ್ಲಿ ನಿಂತಿದ್ದ ನಾನು, ಹೌದೆನ್ನು ಎಂದು ತಲೆಯಾಡಿಸಿದೆ.

ಮಂಗಳೂರು ಕಡೆಯ ಆ ಸಾಹೇಬರು ಊಟಿಗೆ ಹೋಗುತ್ತಾ ಅಲ್ಲಿ ಉಳಿದುಕೊಂಡು, ಹಡಗಿನಲ್ಲಿ ಹಗ್ಗ ಕಟ್ಟುವ, ಸರಕು ಎಳೆಯುವ ಖಲಾಸಿ ಕೆಲಸಕ್ಕೆ ಆಳು ಆರಿಸುತ್ತಿದ್ದರು. ಇದು ತಪ್ಪಿದರೆ ಸಿದ್ದಪ್ಪನಿಗೆ ಉಮ್ಮತ್ತೂರಿನ ಕೂಲಿಯೇ ಗತಿ. ನಾನೋ ಚಾಮರಾಜನಗರದ ಅರಿಶಿನ ವ್ಯಾಪಾರಿ. ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾ, ಮನಸ್ಸಿನ ದರ ಬಚ್ಚಿಟ್ಟು ಮೇಲೆ ಬಂದವನು. ಬಸ್ಸಿನಲ್ಲೇ ಅವನಿಗೆ ಪಾಠ ಹೇಳಿದ್ದೆ: "ಗೊತ್ತಿಲ್ಲ ಅನ್ಬ್ಯಾಡ ಕಣ್ಲಾ, ಎಲ್ಲಕ್ಕೂ ಊಂ ಅಂದ್ಬುಡು."

"ಇಲ್ಲ ಬುದ್ಧಿ, ನಮ್ಮೂರ ಕೆರೆ ಬುಟ್ರೆ ಬ್ಯಾರೆ ನೀರು ಕಂಡೋನಲ್ಲ" ಎಂದುಬಿಟ್ಟ ಸಿದ್ದಪ್ಪ! ಕೆಲಸ ಹೋಯಿತು ಎಂದುಕೊಂಡೆ.

ಸಾಹೇಬರು ನಗಲಿಲ್ಲ. ಒಂದು ಹಗ್ಗ ಎಸೆದು, ಗಂಟು ಹಾಕು ಎಂದರು. ಸಿದ್ದಪ್ಪ ಗಂಟು ಹಾಕದೆ, ಹಗ್ಗ ಹಿಡಿದು ಕೇಳಿದ:

"ಯಾವುದ್ಕೆ ಬುದ್ಧಿ? ಎತ್ತಿಗಾದ್ರೆ ಕತ್ತು ಬಿಗೀಬಾರ್ದು, ಮೂಟೆಗಾದ್ರೆ ಸಡ್ಲಬಾರ್ದು."

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು! ಎರಡೂ ಗಂಟು ಹಾಕಿಸಿದರು, ಜಗ್ಗಿ ನೋಡಿದರು. "ಕೇಳದೆ ಗಂಟು ಹಾಕುವವನು ಹಡಗಿನಲ್ಲಿ ಜೀವ ತೆಗೆಯುತ್ತಾನೆ. ನೀನು ಬಾರಪ್ಪ" ಎಂದು, ಇವನನ್ನು ಸೇರಿಸಿಕೊಳ್ಳಿ ಅಂತ ಬೊಂಬಾಯಿಯ ಹಡಗು ಕಚೇರಿಗೆ ಚೀಟಿ ಬರೆದುಕೊಟ್ಟರು.

ಕೆಲಸ ಕೇಳಲು ಹೊರಟವರಿಗೆ ಈಗ ನಾನು ಹೇಳುವುದಿಷ್ಟೇ: ವ್ಯಾಪಾರದ ಟವಲು ಮನೆಯಲ್ಲೇ ಇರಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ. ಅರಿಶಿನದ ಕೊಂಬು ಮುರಿದು ನೋಡಿ ದರ ಹೇಳುವ ನನಗೆ, ನಮ್ಮ ಮನೆಯವನ ಬೆಲೆಯನ್ನು ಹೊರಗಿನವರು ಹೇಳಬೇಕಾಯಿತು.